20ರ ರಾತ್ರಿ ಬಿಲ್ಲು ಕಳಿಸೋ ಹಳೇ ಪಾರ್ಟಿಗೆ ಹೇಗೆ ಹೇಳೋದು?

ಲೆಕ್ಕದವ, ದಾವಣಗೆರೆ:
ಸಣ್ಣ ಸಿಎ ಆಫೀಸು ನಮ್ಮದು. ನಾನು, ಸಿಎ ಓದುತ್ತಾ ಕೆಲಸ ಕಲಿಯೋ ಇಬ್ಬರು ಆರ್ಟಿಕಲ್ ಹುಡುಗರು, ಒಂದು ಪ್ರಿಂಟರ್. ಹೋಲ್‌ಸೇಲ್ ಬಟ್ಟೆ ವ್ಯಾಪಾರದ ಒಬ್ಬ ಯಜಮಾನರಿದ್ದಾರೆ, ನಮ್ಮ ಮಾವನ ಸ್ನೇಹಿತರು. 2019ರಿಂದ ತಿಂಗಳಿಗೆ ಸಾವಿರ ರೂಪಾಯಿ ಕೊಡುತ್ತಿದ್ದಾರೆ. ಆಗ ತಿಂಗಳಿಗೆ ನಲವತ್ತು ಬಿಲ್ಲು ಇತ್ತು, ಈಗ ಇನ್ನೂರು ದಾಟುತ್ತೆ.

ಮಾರಾಟದ ಬಿಲ್ಲುಗಳ ರಿಟರ್ನ್ ಜಿಎಸ್‌ಟಿಆರ್-1, ತಿಂಗಳ 11ಕ್ಕೆ ಹೋಗಬೇಕು. ಹೋಗದಿದ್ದರೆ 14ಕ್ಕೆ ಬರುವ 2ಬಿ ಪಟ್ಟಿಯಲ್ಲಿ ಇವರಿಂದ ಮಾಲು ಕೊಂಡವರಿಗೆ, ಕೊಟ್ಟ ತೆರಿಗೆಯ ಕ್ರೆಡಿಟ್ ಕಾಣಿಸಲ್ಲ. ಅವರು ಯಜಮಾನರಿಗೆ ಫೋನ್ ಮಾಡುತ್ತಾರೆ, ಯಜಮಾನರು ನನಗೆ. ಆದರೆ ಬಿಲ್ಲು ಬರೋದು 19, 20ಕ್ಕೆ. ಅದೂ ವಾಟ್ಸಾಪ್‌ನಲ್ಲಿ. ಹೋದ ತಿಂಗಳು ಒಂದು ಫೋಟೋದಲ್ಲಿ ಹೆಬ್ಬೆರಳು ಸರಿಯಾಗಿ ಜಿಎಸ್‌ಟಿ ನಂಬರಿನ ಮೇಲೇ ಇತ್ತು!

ಆ ಸಲ 20ಕ್ಕೆ ಹೋಗಬೇಕಿದ್ದ 3ಬಿ, ಅಂದ್ರೆ ತೆರಿಗೆ ಕಟ್ಟೋ ತಿಂಗಳ ರಿಟರ್ನ್, 25ಕ್ಕೆ ಹೋಯಿತು. ದಿನಕ್ಕೆ 50ರಂತೆ 250 ರೂಪಾಯಿ ಲೇಟ್ ಫೀ. "ನಿಮ್ಮ ಆಫೀಸಿಂದ ತಡ ಆಯ್ತಲ್ಲ" ಅಂದರು. ಬಾಯಿ ಕಟ್ಟಿದಂತಾಗಿ ನಾನೇ ಕಟ್ಟಿದೆ. ಸಂಬಂಧ ಕೆಡದ ಹಾಗೆ ಹೇಗೆ ಹೇಳಲಿ?

ಹುಬ್ಬಳ್ಳಿಯ ಹಿರಿಯ ಸಿಎ:
250 ಕಟ್ಟಿದ್ದೇ ತಪ್ಪು. ತಪ್ಪು ನಮ್ಮದೇ ಅಂತ ನೀವೇ ಒಪ್ಪಿಕೊಂಡ ಹಾಗಾಯಿತು. ಮುಂದಿನ ಸಲವೂ ನಿಮ್ಮದೇ ಅಂತಾರೆ.

ಒಂದು ಹಾಳೆಯ ಪತ್ರ ಮಾಡಿ. ಯಾವ ಕೆಲಸ ಈ ಫೀಸಿನಲ್ಲಿ ಬರುತ್ತೆ, ಯಾವುದು ಬರಲ್ಲ, ಬಿಲ್ಲು ಯಾವ ತಾರೀಖಿನೊಳಗೆ ಬೇಕು, ತಡವಾದರೆ ಲೇಟ್ ಫೀ, ಬಡ್ಡಿ ಯಾರದ್ದು. ಕನ್ನಡದಲ್ಲೇ ಬರೀರಿ. ಇಂಗ್ಲಿಷ್ ಪತ್ರ ಕೊಟ್ಟರೆ ಓದದೆ ಸಹಿ ಹಾಕಿ ಗಲ್ಲಾದೊಳಗೆ ಇಡ್ತಾರೆ.

ವಹಿವಾಟು 5 ಕೋಟಿ ಒಳಗಿದ್ದರೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕೋ ಸ್ಕೀಮಿಗೆ ಹಾಕಿ ಅಂತ ಯಾರಾದ್ರೂ ಹೇಳಬಹುದು. ಹೋಲ್‌ಸೇಲ್‌ನವರಿಗೆ ಅದರಿಂದ ಅಷ್ಟೇನೂ ಉಪಯೋಗವಿಲ್ಲ. ಕೊಂಡವರಿಗೆ ತಿಂಗಳು ತಿಂಗಳು ಕ್ರೆಡಿಟ್ ಬೇಕು ಅಂದ್ರೆ ಆ ಸ್ಕೀಮಿನಲ್ಲೂ 13ರೊಳಗೆ ಐಎಫ್‌ಎಫ್, ಅಂದ್ರೆ ಆ ತಿಂಗಳ ಬಿಲ್ಲುಗಳ ಪಟ್ಟಿ, ಹಾಕಲೇಬೇಕು.

ಬಟ್ಟೆ ಅಂಗಡಿಯವ:
ನಾನು ಆ ಕಡೆಯವನು, ಬೇಜಾರಾಗಬೇಡಿ. ತಿಂಗಳ ಮೊದಲ ಹತ್ತು ದಿನ ನಮಗೆ ಬಾಡಿಗೆ, ಸಂಬಳ, ವಸೂಲಿ. ಬಿಲ್ಲಿನ ನೆನಪೇ ಇರಲ್ಲ. ನಮ್ಮ ಆಡಿಟರ್ 3ಕ್ಕೇ ಹುಡುಗನ್ನ ಕಳಿಸ್ತಾರೆ. ಅವನು ಎದುರಿಗೆ ನಿಂತ್ರೆ ಕೊಡದೆ ಇರೋಕಾಗುತ್ತಾ? ಫೀಸ್ ಜಾಸ್ತಿ ಕೇಳಿದರೂ ಓಡಿ ಹೋಗಲ್ಲ. ಏಳು ವರ್ಷದ ಲೆಕ್ಕ ಬೇರೆಯವರಿಗೆ ಹೇಳಿಕೊಡೋದು ನಮಗೂ ತಲೆನೋವು.

ಆರ್ಟಿಕಲ್ ಹುಡುಗಿ, ಮೈಸೂರು:
ಸರ್, 20ರ ರಾತ್ರಿ ಆ ಇನ್ನೂರು ಬಿಲ್ಲು ಟೈಪ್ ಮಾಡೋರು ನಾವು. ಪತ್ರದಲ್ಲಿ ನಮ್ಮನ್ನೂ ಒಂದು ಸಾಲಲ್ಲಿ ನೆನೆಸಿಕೊಳ್ಳಿ. ಆ ಜಿಎಸ್‌ಟಿ ಸರ್ವರ್ ಬೇರೆ ಸುಮ್ನೆ ತಿರುಗ್ತಾ ಕೂತಿರುತ್ತೆ.

ಲೆಕ್ಕದವ, ದಾವಣಗೆರೆ:
ಎಲ್ಲರಿಗೂ ಥ್ಯಾಂಕ್ಸ್. 3ಕ್ಕೆ ಹುಡುಗನ್ನ ಕಳಿಸದೆ ನಾನೇ ಹೋದೆ. ಬಿಲ್ಲುಗಳು ಗಲ್ಲಾದ ಕೆಳಗೆ ಒಂದು ಪ್ಲಾಸ್ಟಿಕ್ ಚೀಲದಲ್ಲಿದ್ದವು. ಕೆಳಗಿನವು ಥರ್ಮಲ್ ಪೇಪರ್, ಅರ್ಧ ಮಾಸಿಹೋಗಿದ್ದವು. ಲೆಕ್ಕ ಬರೆಯುತ್ತಿದ್ದ ಅಳಿಯ ಬೆಂಗಳೂರಿಗೆ ಹೋಗಿ ಎಂಟು ತಿಂಗಳಾಗಿದೆಯಂತೆ. ನನಗೆ ಗೊತ್ತೇ ಇರಲಿಲ್ಲ. ಇವರೊಬ್ಬರೇ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಫೋಟೋ ಹೊಡೆಯುತ್ತಿದ್ದರು.

ಪತ್ರ ಕೊಟ್ಟೆ. ಎರಡು ಸಲ ಓದಿದರು. ನಾನು ಎರಡು ಸಾವಿರ ಅಂದೆ, ಅವರು ಸಾವಿರದ ಐನೂರು ಅಂದರು, ಅಲ್ಲಿಗೇ ನಿಂತಿತು. 250ರ ಮಾತು ಇಬ್ಬರೂ ಎತ್ತಲಿಲ್ಲ. ಇನ್ನು ಮೇಲೆ ಪ್ರತಿ ತಿಂಗಳು 3, 4ಕ್ಕೆ ನಮ್ಮ ಹುಡುಗ ಹೋಗಿ ಚೀಲ ತರುತ್ತಾನೆ.

ನಿನ್ನೆ ರಾತ್ರಿ 10:20ಕ್ಕೆ ಮತ್ತೆ ಅವರ ಫೋನ್. ಎದೆ ಧಸಕ್ ಅಂತು. ಮಗಳ ಮದುವೆಗೆ ಒಡವೆ ಕೊಳ್ಳುತ್ತಿದ್ದಾರೆ, ಎರಡು ಲಕ್ಷ ದಾಟಿದರೆ ಪ್ಯಾನ್ ಕೊಡಬೇಕಾ ಅಂತ ಕೇಳಿದರು. ಕೊಡಬೇಕು ಅಂದೆ. ಇದು ಪತ್ರದಲ್ಲಿ ಇಲ್ಲ.