ಕಾಂಟೆಸ್ಸಾ 1.8ಕ್ಕೆ ಹಾಫ್ ಇಂಜಿನ್ ಸಿಕ್ಕೈತೆ, ಪೆಟ್ರೋಲ್‌ದೋ ಡೀಸೆಲ್‌ದೋ ಹೆಂಗ್ ಗುರ್ತು ಹಿಡಿಯೋದು?

ಕೌಲ್‌ಬಜಾರ್ ಕಾಂಟೆಸ್ಸಾ

ಎಲ್ಲರಿಗೂ ನಮಸ್ಕಾರ. ನಮ್ದು 1994ರ ಕಾಂಟೆಸ್ಸಾ 1.8 ಜಿಎಲ್ಎಕ್ಸ್, ಪೆಟ್ರೋಲು, ಬಳ್ಳಾರಿ ಕೆಎ-34 ನಂಬರು. ಅಪ್ಪಾಜಿ ತಗೊಂಡಿದ್ದು, ಅವ್ರು ಹೋದ್ಮೇಲೆ ನಾನೇ ಇಟ್ಕೊಂಡಿದೀನಿ, ಮಾರೋ ಮಾತೇ ಇಲ್ಲ. ಹೋದ ಮೇ ತಿಂಗಳಲ್ಲಿ ಸಂಡೂರಿಂದ ವಾಪಸ್ ಬರ್ತಿದ್ವಿ, ತೋರಣಗಲ್ ಹತ್ರ ಅದಿರು ಲಾರಿಗಳ ಸಾಲಿನ ಹಿಂದೆ ಸಿಕ್ಕಾಕ್ಕೊಂಡು ಸೆಕೆಂಡ್ ಗೇರಲ್ಲೇ ಬರ್ತಿದ್ದಾಗ ಟೆಂಪರೇಚರ್ ಮುಳ್ಳು ಪೂರ್ತಿ ಮೇಲೆ ಹೋಗಿತ್ತು, ನಾನು ನೋಡೋದ್ರೊಳಗೆ ಬಾನೆಟ್ಟಿಂದ ಆವಿ. ಬ್ಲಾಕಿನ ಹಿಂದಿನ ಡಮ್ಮಿ ಪ್ಲಗ್ (ನೀರಿನ ತೂತು ಮುಚ್ಚೋ ತಗಡಿನ ಬಿಲ್ಲೆ) ತುಕ್ಕು ಹಿಡಿದು ತೂತಾಗಿ ನೀರೆಲ್ಲಾ ದಾರಿಯಲ್ಲೇ ಸುರಿದೋಗಿತ್ತು. ಹೆಡ್ ಬಿಚ್ಚಿದ್ರೆ ಎರಡು ಮೂರನೇ ಸಿಲಿಂಡರ್ ನಡುವೆ ಕೂದಲೆಳೆಯಷ್ಟು ಗೆರೆ. ಪೂರ್ತಿ ಇಳಿಸಿ ನೋಡಿದ್ರೆ ಅದು ಕೆಳಗೆ ಕ್ರ್ಯಾಂಕ್ ಕೂರೋ ಗೋಡೆ ತನಕ ಹೋಗೈತೆ. ಬ್ಲಾಕ್ ಮುಗೀತು ಅಂದ್ರು ನಮ್ಮ ಮಿಸ್ತ್ರಿ.

ಈಗ ಇಲ್ಲೇ ಒಂದು ಗುಜರಿಯಲ್ಲಿ ಹಾಫ್ ಇಂಜಿನ್ ಸಿಕ್ಕೈತೆ. ಬ್ಲಾಕು, ಕ್ರ್ಯಾಂಕು, ನಾಲ್ಕೂ ಪಿಸ್ಟನ್ ಅದಾವೆ, ಹೆಡ್ಡಿಲ್ಲ, ಮುಂದಿನ ಕವರಿಲ್ಲ, ಮೈಮೇಲೆ ಎರಡು ಬೆರಳು ದಪ್ಪ ಗ್ರೀಸು ಮಣ್ಣು. ಅಂಗಡಿಯವ್ರು ಇದು ಅಂಬಾಸಿಡರ್ 1800 ಐಎಸ್‌ಜೆಡ್‌ದು, ನಿಮ್ ಗಾಡಿಗೆ ಕಣ್ಣುಮುಚ್ಚಿ ಕೂರ್ತೈತೆ ಅಂತಾರೆ. ನಮ್ಮ ಮಿಸ್ತ್ರಿಗೆ ಮಾತ್ರ ಇದು ಡೀಸೆಲ್‌ದು ಇರಬೋದಾ ಅಂತ ಅನುಮಾನ. ಬೋರ್, ಅಂದ್ರೆ ಸಿಲಿಂಡರ್ ಬಾಯಿಯ ಅಗಲ, ಅಳೆದ್ವಿ, 84 ಮಿಮೀ ಮೇಲೆ ಚೂರು ಬಂತು. ನಮ್ದೂ 84ನೇ. ಹಂಗಾದ್ರೆ ಇದು ಪೆಟ್ರೋಲ್‌ದೇ ಅಲ್ವಾ? ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ, ಗೊತ್ತಿದ್ದೋರು ದಯವಿಟ್ಟು ಹೇಳ್ರಿ.

ಸಿರುಗುಪ್ಪ ಹುಡುಗ

ಅಣ್ಣಾ ಫೋಟೋ ಇದ್ರೆ ಹಾಕು. ನಮ್ಮೂರಲ್ಲಿ ಒಂದು ಕಪ್ಪು ಕಾಂಟೆಸ್ಸಾ ಇತ್ತು, ಅದು ಬರೋ ಸೌಂಡಿಗೆ ಸ್ಕೂಲಿಂದ ಹೊರಗೆ ಓಡಿ ಬರ್ತಿದ್ವಿ, ನಮಗೆ ಮಸಲ್ ಕಾರ್ ಅಂದ್ರೆ ಅದೇ. ಒಂದು ಡೌಟು, ಕಾಂಟೆಸ್ಸಾಗೆ ಅಂಬಾಸಿಡರ್ ಇಂಜಿನ್ ಹೆಂಗ್ ಕೂರುತ್ತೆ? ಅಂಬಾಸಿಡರ್ ಅಂದ್ರೆ 1500 ಅಲ್ವಾ?

ರಾಯಚೂರು ಲೇತ್

ಬಳ್ಳಾರಿಯವ್ರೇ, ಅಡ್ವಾನ್ಸ್ ಕೊಡಬ್ಯಾಡ್ರಿ, ಮೊದ್ಲು ಇದನ್ನ ಪೂರ್ತಿ ಓದ್ರಿ. ನಾನು ಬೋರಿಂಗ್ ಹೋನಿಂಗ್ ಕೆಲ್ಸ ಮಾಡಾಂವ, ಈ ಇಂಜಿನ್ನುಗಳು ನನ್ನ ಮಷೀನ್ ಮ್ಯಾಲೆ ಭಾಳ ಕುಂತಾವ.

ಬೋರ್ ಒಂದನ್ನೇ ನಂಬಿದ್ರ ಮೋಸ ಹೋಗ್ತೀರಿ. ಹಿಂದೂಸ್ತಾನ್ ಮೋಟರ್ಸ್‌ನವ್ರು ಕಾರಿಗೆ ಜಪಾನಿನ ಇಸುಜು ಇಂಜಿನ್ ಎರಡು ಥರ ಹಾಕ್ಯಾರ. ಪೆಟ್ರೋಲ್‌ದು 4ಜೆಡ್‌ಬಿ1, 1817 ಸಿಸಿ, ಬೋರ್ 84, ಸ್ಟ್ರೋಕ್ (ಪಿಸ್ಟನ್ ಮ್ಯಾಲಿಂದ ಕೆಳಗ ಓಡೋ ದೂರ) 82 ಮಿಮೀ. ಡೀಸೆಲ್‌ದು 4ಎಫ್‌ಸಿ1, 1995 ಸಿಸಿ, ಅದರ ಬೋರೂ 84ನೇ, ಸ್ಟ್ರೋಕ್ ಮಾತ್ರ 90. ಅಂದ್ರ ನೀವು ಅಳತಿ ಮಾಡಿದ್ದು ಎರಡಕ್ಕೂ ಹೊಂದೋದನ್ನೇ. ನೀವು ಅಳೀಬೇಕಾಗಿದ್ದು ಸ್ಟ್ರೋಕು, ಪಿಸ್ಟನ್ನು ಕ್ರ್ಯಾಂಕು ಒಳಗೇ ಇರೋದ್ರಿಂದ ಅದು ಐದು ನಿಮಿಷದ ಕೆಲ್ಸ ಅದ.

ಒಂದನೇ ಪಿಸ್ಟನ್ ತಲಿ ಸ್ವಚ್ಛ ಮಾಡ್ರಿ, ಕಾರ್ಬನ್ ಉಳೀಬಾರ್ದು. ಕ್ರ್ಯಾಂಕ್ ತಿರುಗಿಸಿ ಪಿಸ್ಟನ್ ಪೂರ್ತಿ ಮ್ಯಾಲೆ ತರ್ರಿ, ಬ್ಲಾಕಿನ ಮ್ಯಾಲಿನ ಮೈಯಿಂದ ಎಷ್ಟು ಕೆಳಗದ ಅಂತ ವರ್ನಿಯರಿನ ಬಾಲದಿಂದ ಅಳೀರಿ. ಆಮ್ಯಾಲೆ ಪೂರ್ತಿ ಕೆಳಗ ಇಳಿಸಿ ಅದೇ ಜಾಗದಾಗ ಮತ್ತ ಅಳೀರಿ. ದೊಡ್ಡದ್ರಾಗ ಸಣ್ಣದು ಕಳದ್ರ ಸ್ಟ್ರೋಕ್ ಬಂತು. ವರ್ನಿಯರ್ ಇಲ್ಲಂದ್ರ ಒಂದು ಸೈಕಲ್ ಸ್ಪೋಕ್ ಸಾಕು, ನೆಟ್ಟಗ ಇಳಿಸಿ ಗುರ್ತು ಹಾಕ್ಕೋರಿ. 82ಕ್ಕೂ 90ಕ್ಕೂ 8 ಮಿಮೀ ಫರಕ್, ಒಂದು ಪೆನ್ಸಿಲಿನ ದಪ್ಪ, ಕಣ್ಣಿಗೇ ಕಾಣ್ತದ. ಬೋರ್ ಸವದು ದೊಡ್ಡದಾಗಬೋದು ಇಲ್ಲಾ ಕೊರದು ಓವರ್‌ಸೈಜ್ ಆಗಿರಬೋದು, ಸ್ಟ್ರೋಕ್ ಸವಿಯೋದಿಲ್ಲ, ಅದಕ್ಕ ನಾ ಅದನ್ನೇ ನಂಬ್ತೀನಿ.

ಇನ್ನೊಂದು, ಮುಂದಿನ ಕವರ್ ಇಲ್ಲ ಅಂದ್ರಿ. ಕ್ರ್ಯಾಂಕಿನ ಮೂತಿ ಮ್ಯಾಲೆ ಚೈನ್ ಹಲ್ಲಿನ ಚಕ್ರ ಅದನೋ ಬೆಲ್ಟಿನ ಅಗಲ ಹಲ್ಲಿಂದು ಅದನೋ ನೋಡ್ರಿ. ಪೆಟ್ರೋಲ್‌ದು ಟೈಮಿಂಗ್ ಚೈನ್, ಡೀಸೆಲ್‌ದು ಟೈಮಿಂಗ್ ಬೆಲ್ಟು. ಆದ್ರ ಗುಜರ್ಯಾಗ ಚಕ್ರ ಬಿಚ್ಚಿ ಮಾರಿರ್ತಾರ, ಅದಕ್ಕ ಸ್ಟ್ರೋಕ್ ಅಳೀದೆ ಬಿಡಬ್ಯಾಡ್ರಿ.

ಸಿರುಗುಪ್ಪ ತಮ್ಮಾ, ನೀ ಕೇಳಿದ್ದು ಖರೇ ಅದ. 1984ರಾಗ ಕಾಂಟೆಸ್ಸಾ ಬಂದಾಗ ಅಂಬಾಸಿಡರಿನ 1489 ಸಿಸಿ ಇಂಜಿನ್ನೇ ಅದರಾಗ ಇತ್ತು, ಅಷ್ಟು ದೊಡ್ಡ ಬಾಡಿ ಎಳೀಲಿಕ್ಕೆ ಅದಕ್ಕ ದಮ್ ಸಾಲ್ತಿದ್ದಿಲ್ಲ. ಆಮ್ಯಾಲೆ ಇಸುಜು 1.8 ಐದು ಗೇರಿನ ಡಬ್ಬಿ ಜೋಡಿ ಬಂತು, ಆಗ ನೋಡಪಾ ಗಾಡಿಗೆ ಜೀವ ಬಂದದ್ದು. ಮುಂದ 90ರ ದಶಕದಾಗ ಅದೇ ಇಸುಜು ಇಂಜಿನ್ ಅಂಬಾಸಿಡರಿಗೂ ಹಾಕಿದ್ರು, ಅದೇ 1800 ಐಎಸ್‌ಜೆಡ್. ಹಳೇ 1489ರ ಬ್ಲಾಕು ಗುರ್ತು ಹಿಡಿಯೋದು ಸರಳ, ಬೋರ್ 73 ಮಿಮೀ, ಕ್ಯಾಮ್ (ವಾಲ್ವ್ ತೆಗಿಯೋ ಶಾಫ್ಟು) ಬ್ಲಾಕಿನ ಹೊಟ್ಟ್ಯಾಗೇ ಇರ್ತದ, ಪುಶ್‌ರಾಡ್ ಇರ್ತಾವ. ಇಸುಜು ಎರಡಕ್ಕೂ ಕ್ಯಾಮ್ ಮ್ಯಾಲೆ ಹೆಡ್ಡಿನಾಗ.

ಗಂಗಾವತಿ ಮಿಲ್

ಲೇತ್ ಸಾಹೇಬ್ರು ಹೇಳಿದ್ದು ಬರೋಬ್ಬರಿ ಐತಿ. ನಂದೊಂದು ಮಾತು, ಹೋಗೋವಾಗ ನಿಮ್ಮ ಗಾಡಿ ಹೆಡ್ ಗ್ಯಾಸ್ಕೆಟ್ ಒಂದು ಹೊಸಾದು ಒಯ್ರಿ, ಬ್ಲಾಕ್ ಮ್ಯಾಲೆ ಹಾಸಿ ನೋಡ್ರಿ, ನೀರಿನ ತೂತು, ಆಯಿಲ್ ತೂತು, ಬೋಲ್ಟಿನ ತೂತು ಒಂದೊಂದೂ ಕೂಡಬೇಕು. ಒಂದು ತೂತು ಅರ್ಧ ಮುಚ್ಚಿದ್ರೂ ವಾಪಸ್ ಬರ್ರಿ.

ಮತ್ತ ಇಂಜಿನ್ ನಂಬರ್. ನಿಮ್ಮ ಹಳೇ ಬ್ಲಾಕ್‌ನ್ಯಾಗ ನಂಬರ್ ಎಲ್ಲಿ ಹೊಡದಾರ ನೋಡ್ಕೊಂಡು ಇದರಾಗೂ ಅದೇ ಜಾಗ ಸೀಮೆಎಣ್ಣಿ ಹಾಕಿ ವೈರ್ ಬ್ರಶ್‌ಲೆ ತಿಕ್ರಿ. ನಂಬರ್ ಸ್ವಚ್ಛ ಕಂಡ್ರ ಸರಿ, ಗ್ರೈಂಡರ್ ಹೊಡದಿದ್ರ, ಮ್ಯಾಲೆ ಬೇರೆ ನಂಬರ್ ಕುಟ್ಟಿದಂಗ ಕಂಡ್ರ ಪುಕ್ಕಟೆ ಕೊಟ್ರೂ ಬ್ಯಾಡ್ರಿ, ಯಾರ ಕಳವಿನ ಗಾಡಿದೋ ಏನೋ, ನಾಳೆ ನಿಮ್ಮ ಮನಿ ಬಾಗಿಲಿಗೆ ಪೊಲೀಸ್ರು ಬರ್ತಾರ. ಯಾವ ಗಾಡಿಯಿಂದ ಇಳಿಸಿದ್ದು, ಅದರ ಆರ್‌ಸಿ ನಕಲು, ಬಿಲ್ಲು, ಮೂರೂ ಕೇಳ್ರಿ. ಇಂಜಿನ್ ಬದಲಿ ಮಾಡಕ ಆರ್‌ಟಿಒ ಒಪ್ಪಿಗಿ ಬೇಕು, 1988ರ ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್, ಆರ್‌ಸಿದಾಗ ಹೊಸ ನಂಬರ್ ಏರಬೇಕು. ಇಲ್ಲಂದ್ರ ಮುಂದಿನ ರಿನಿವಲ್‌ಗೆ ಗಾಡಿ ತೋರ್ಸಾಕ ಹೋದಾಗ ನಂಬರ್ ತಾಳೆ ಆಗಂಗಿಲ್ಲ, ಅಪಘಾತ ಆದ್ರ ಇನ್ಶೂರೆನ್ಸ್‌ನವ್ರೂ ತಕರಾರು ತೆಗೀತಾರ.

ಕೌಲ್‌ಬಜಾರ್ ಕಾಂಟೆಸ್ಸಾ

ಎಲ್ಲರಿಗೂ ತುಂಬಾ ಥ್ಯಾಂಕ್ಸ್ ರೀ. ಇವತ್ತು ಬೆಳಿಗ್ಗೆ ಬಿಸಿಲೇರೋ ಮುಂಚೆ ಮಿಸ್ತ್ರೀನ ಕರ್ಕೊಂಡು ಹೋಗಿದ್ದೆ. ಮೇಲೆ ಅಳೆದಾಗ ಪಿಸ್ಟನ್ ಹೆಚ್ಚುಕಮ್ಮಿ ಬ್ಲಾಕ್ ಮೈಗೆ ಸಮವೇ ಇತ್ತು, ಕೆಳಗೆ ಇಳಿಸಿ ಅಳೆದ್ರೆ 90. ಒಂದ್ಸಲ ನಂಬಿಕೆ ಬರ್ಲಿಲ್ಲ, ನಾಲ್ಕನೇದ್ರಲ್ಲೂ ಅಳೆದ್ವಿ, ಅಲ್ಲೂ 90. ಮೂತಿ ಮೇಲಿನ ಮಣ್ಣು ಸ್ಕ್ರೂಡ್ರೈವರಲ್ಲಿ ಕೆರೆದ್ರೆ ಬೆಲ್ಟಿನ ಅಗಲ ಹಲ್ಲು ಕಂಡ್ವು. ಡೀಸೆಲ್‌ದೇ. ಅಂಗಡಿ ಹುಡುಗನೂ ಬಗ್ಗಿ ನೋಡಿ ಸುಮ್ನಾಗ್ಬಿಟ್ಟ, ಅವ್ರಿಗೂ ಗೊತ್ತಿರ್ಲಿಲ್ಲ ಅನ್ಸುತ್ತೆ. ಬೋರ್ ನಂಬಿ ದುಡ್ಡು ಕೊಟ್ಟಿದ್ರೆ ಏನ್ ಗತಿ ಅಂತ ದಾರಿಯುದ್ದಕ್ಕೂ ಅದೇ ಯೋಚ್ನೆ.

ಹೆಂಗೂ ಸಿಕ್ಕೈತಲ್ಲ, ಡೀಸೆಲ್‌ಗೇ ಬದಲಿಸ್ಬಿಡು ಅಂತ ಒಬ್ರು ಅಂದ್ರು. ನನಗೆ ಮನಸ್ಸಿಲ್ಲ ರೀ. ಸಂಜೆ ಅಪ್ಪಾಜಿ ಗಾಡಿ ಓಣಿಗೆ ತಿರುಗ್ತಿದ್ದಂಗೇ ಆ ಪೆಟ್ರೋಲ್ ಇಂಜಿನ್ ಸದ್ದಿಗೆ ಅಮ್ಮ ಒಳಗೆ ಚಹಾಕ್ಕೆ ಇಡ್ತಿದ್ರು, ಆ ಸದ್ದೇ ಬೇಕು ನನಗೆ. ಹೊಸಪೇಟೆಯಲ್ಲಿ ಐಎಸ್‌ಜೆಡ್ ಒಂದು ಪೂರ್ತಿ ಗಾಡಿನೇ ನಿಂತೈತಂತೆ, ಆರ್‌ಸಿನೂ ಐತಂತೆ, ಭಾನುವಾರ ಹೋಗ್ತೀನಿ. ಅದು 82 ಬಂದ್ರೆ ಮುಂದೆ ಏನ್ ನೋಡ್ಬೇಕು?

ರಾಯಚೂರು ಲೇತ್

ಛಲೋ ಆತು ರೊಕ್ಕ ಉಳೀತು. 82 ಬಂದ್ರ ತಗೋರಿ, ಆದ್ರ ಜೋಡಿಸೋಕಿಂತ ಮೊದ್ಲು ಬರೀ ಬ್ಲಾಕ್ ಮಾಡಿ, ಬಿಸಿನೀರು ಸೋಡಾದಾಗ ತೊಳಿಸಿ ಕ್ರ್ಯಾಕ್ ನೋಡ್ರಿ. ಕೆಂಪು ಡೈ ಸ್ಪ್ರೇ ಹೊಡದು, ಸ್ವಲ್ಪ ಹೊತ್ತು ಬಿಟ್ಟು, ಒರಸಿ, ಬಿಳೀ ಡೆವಲಪರ್ ಹೊಡದ್ರ ಗೆರಿ ಇದ್ದಲ್ಲಿ ಕೆಂಪು ಎದ್ದು ಕಾಣ್ತದ. ಮೊದ್ಲು ನಾವು ಸೀಮೆಎಣ್ಣಿ ಹಚ್ಚಿ ಒರಸಿ ಮ್ಯಾಲೆ ಸೀಮೆಸುಣ್ಣ ಸವರ್ತಿದ್ವಿ, ಅದೂ ನಡೀತದ. ಪಿಸ್ಟನ್ ತಲಿ ಮ್ಯಾಲೆ 50 (ಅಂದ್ರ ಅರ್ಧ ಮಿಮೀ ದೊಡ್ಡ ಸೈಜು) ಅಂತ ಹೊಡದಿದ್ರ ಒಂದು ಸಲ ಬೋರ್ ಆಗ್ಯಾದ ಅಂತ ಅರ್ಥ, ಇನ್ನೊಂದು ಸೈಜಿಗೆ ಪಿಸ್ಟನ್ ಸಿಗಲಿಲ್ಲಂದ್ರ ಸಿಲಿಂಡರ್ ಒಳಗ ಸ್ಲೀವ್ (ಹೊಸ ಕೊಳವಿ) ಹಾಕಿ ಸ್ಟ್ಯಾಂಡರ್ಡಿಗೆ ತರೋಣ. ಸಂಪು (ಕೆಳಗ ಆಯಿಲ್ ನಿಲ್ಲೋ ತಟ್ಟಿ), ಆಯಿಲ್ ಸ್ಟ್ರೇನರ್, ಮೌಂಟಿಂಗ್ ಬ್ರಾಕೆಟ್ ನಿಮ್ಮ ಕಾಂಟೆಸ್ಸಾದ್ದೇ ಹಾಕ್ರಿ, ಅಂಬಾಸಿಡರ್‌ದು ಹಾಕಲಿಕ್ಕೆ ಹೋಗಬ್ಯಾಡ್ರಿ.

ಡಮ್ಮಿ ಪ್ಲಗ್ ಒಂದೂ ಬಿಡದಂಗ ಎಲ್ಲಾ ಹೊಸಾವು ಹಾಕ್ರಿ, ಹಿಂದ್ಲಿಂದಂತೂ ಮರೀಬ್ಯಾಡ್ರಿ, ಇಂಜಿನ್ ಕೂಡಿಸಿದ ಮ್ಯಾಲೆ ಅಲ್ಲಿ ಕೈ ಹೋಗಲ್ಲ. ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕ್ತಿದ್ರೇನು? ನಮ್ಮ ಕಡೆ ನೀರು ಭಾಳ ಗಡಸು, ಒಳಗ ಸುಣ್ಣ ಕಟ್ಟಿ ಜಾಕೆಟ್ (ಬ್ಲಾಕಿನೊಳಗ ನೀರು ಓಡೋ ದಾರಿ) ಮುಚ್ತದ. ಡಿಸ್ಟಿಲ್ಡ್ ನೀರು, ಕೂಲಂಟ್ ಬಿಟ್ಟು ಬ್ಯಾರೆ ಹಾಕಬ್ಯಾಡ್ರಿ.

ಕೌಲ್‌ಬಜಾರ್ ಕಾಂಟೆಸ್ಸಾ

ಹೂಂ ರೀ, ಬೋರ್ ನೀರೇ ಹಾಕ್ತಿದ್ವಿ, ಅಪ್ಪಾಜಿ ಕಾಲದಿಂದ. ಇನ್ಮೇಲೆ ಇಲ್ಲ. ಗ್ಯಾಸ್ಕೆಟ್ಟು, ವರ್ನಿಯರು, ವೈರ್ ಬ್ರಶ್ಶು ಡಿಕ್ಕಿಯಲ್ಲಿ ಇಟ್ಕೊಂಡಾಯ್ತು. ಭಾನುವಾರ ರಾತ್ರಿ ಅಳತೆ ಇಲ್ಲೇ ಹಾಕ್ತೀನಿ.