ಗೊಂಡರ್ ನೋಡಲು ಅರ್ಧ ದಿನ ಸಾಕಾ? ಹೋಗಿ ಬಂದವರು ಹೇಳಿ

ಪ್ರಶ್ನೆ: ಜನವರಿಯಲ್ಲಿ ಅಡಿಸ್ ಅಬಾಬದ ಅಕ್ಕನ ಮನೆಗೆ ಹೋಗ್ತಿದ್ದೀನಿ. ಇಥಿಯೋಪಿಯಾದ ಹಳೇ ರಾಜಧಾನಿ ಗೊಂಡರ್ ನೋಡೋ ಆಸೆ. ಬರೀ ಪಾಳುಗೋಡೆ, ಅರ್ಧ ದಿನ ಸಾಕು ಅಂತಾರೆ ಭಾವ. ನಿಜನಾ?

ನಿವೃತ್ತ ಮೇಷ್ಟ್ರು: ಭಾವನ ಮಾತು ಕೇಳಬೇಡಿ! ಅಲ್ಲಿ ಎರಡು ವರ್ಷ ಪಾಠ ಹೇಳಿದ್ದೇನೆ. 1636ರಲ್ಲಿ ದೊರೆ ಫಾಸಿಲಿದಸ್ ಅಲ್ಲಿ ನೆಲೆಯೂರಿದ. ಮಗ, ಮೊಮ್ಮಗ, ಆಮೇಲೆ ಬಂದವರಲ್ಲಿ ಹಲವರು ಅದೇ ಆವರಣದಲ್ಲಿ ತಮ್ಮ ತಮ್ಮ ಕಟ್ಟಡ ಎಬ್ಬಿಸಿದರು. ಸುತ್ತುಗೋಡೆಯೇ 900 ಮೀಟರ್. ಫಾಸಿಲಿದಸ್‌ನ ಅರಮನೆ ಇವತ್ತಿಗೂ ಗಟ್ಟಿಯಾಗಿದೆ. ಮೊಮ್ಮಗ ಇಯಾಸುವಿನದಕ್ಕೆ ಸೂರಿಲ್ಲ: 1704ರ ಭೂಕಂಪಕ್ಕೆ ಒಮ್ಮೆ ಪೆಟ್ಟು ಬಿತ್ತು, 1941ರಲ್ಲಿ ಇಟಲಿಯವರನ್ನು ಓಡಿಸಲು ಬಂದ ಬ್ರಿಟಿಷರ ಬಾಂಬಿಗೆ ಇನ್ನೊಮ್ಮೆ.

ಗಾರೆ ಮೇಸ್ತ್ರಿ ಮಗ: ನನ್ನ ಕಣ್ಣು ಮೊದಲು ಹೋಗೋದೇ ಕಲ್ಲಿನ ಸಂದಿಗೆ. ಇಟಲಿಯವರು ಅಲ್ಲಿದ್ದಾಗ ರಿಪೇರಿ ಹೆಸರಲ್ಲಿ ಸಿಮೆಂಟ್ ಮೆತ್ತಿದ್ದರು. ಸುಣ್ಣದ ಗಾರೆ ಮಳೆಗೆ ನೀರು ಕುಡಿದರೂ ಬಿಸಿಲಿಗೆ ಬಿಟ್ಟುಕೊಡುತ್ತೆ. ಸಿಮೆಂಟ್ ಬಿಡಲ್ಲ, ತೇವ ಒಳಗೇ ಕೂತು ಕಲ್ಲಿನ ಮೈ ಉದುರುತ್ತೆ. ಆಮೇಲಿನವರು ಅದರಲ್ಲಿ ಬಹುಪಾಲು ಕಿತ್ತು ಮತ್ತೆ ಸುಣ್ಣಕ್ಕೇ ಬಂದರು. ಈ ಆವರಣ 1979ರಿಂದ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಇನ್ನೊಂದು ಮಾತು: ಆ ನಾಡಿಗೆ ಗಾರೆ ಸುಣ್ಣದ ಕಸುಬು ತಂದಿದ್ದು ಫಾಸಿಲಿದಸ್‌ನ ಅಪ್ಪನ ಕಾಲದಲ್ಲಿ ಭಾರತದಿಂದ ಹೋದವರು ಅಂತಾರೆ. ಇದನ್ನ ಹೇಳಿದಾಗ ಅಪ್ಪ ಮೀಸೆ ತಿರುವಿದ್ದೇ ತಿರುವಿದ್ದು.

ಊರಾಚೆ ಫಾಸಿಲಿದಸ್‌ನ ಕೊಳ ತಪ್ಪಿಸಬೇಡಿ. ನಮ್ಮ ಆಲದ ಜಾತಿಯ ಮರಗಳ ಬೇರು ಕಲ್ಲುಗೋಡೆಯನ್ನು ಹಾವಿನಂತೆ ಸುತ್ತಿದೆ. ಬೇರು ಕಡಿದರೆ ಗೋಡೆಯೂ ಬರುತ್ತೆ, ಬಿಟ್ಟರೆ ಸಂದಿ ಬಾಯಿಬಿಡುತ್ತೆ. ನಾನಾಗಿದ್ದರೆ ಬಿಡುತ್ತಿದ್ದೆ.

ಮೈಸೂರಿನ ಗೃಹಿಣಿ: ಜನವರಿ 19ರ ಆಸುಪಾಸು ಹೋಗಿ, ಏಸುವಿನ ದೀಕ್ಷಾಸ್ನಾನ ನೆನೆಯೋ ತಿಮ್ಕತ್ ಹಬ್ಬ. ಖಾಲಿ ಕೊಳಕ್ಕೆ ಹೊಳೆ ನೀರು ತುಂಬಿಸ್ತಾರೆ. ಪಾದ್ರಿಗಳು ಮಂತ್ರಿಸಿದ್ದೇ ತಡ, ಹುಡುಗರು ಧುಮುಕ್ತಾರೆ. ದೆಬ್ರೆ ಬೆರ್ಹಾನ್ ಸೆಲಾಸಿ ಚರ್ಚಿನ ಚಾವಣಿ ತುಂಬ ದೇವದೂತರ ಮುಖಗಳು, ಎಲ್ಲಾ ಕಣ್ಣರಳಿಸಿ ನಿಮ್ಮನ್ನೇ ನೋಡ್ತಿರ್ತವೆ. 1888ರಲ್ಲಿ ಸುಡಾನಿನ ಮಹ್ದಿ ಪಂಥದವರ ಸೇನೆ ಊರಿನ ಚರ್ಚುಗಳನ್ನೆಲ್ಲ ಸುಟ್ಟಾಗ ಇದನ್ನು ಜೇನುಹುಳ ಸೈನಿಕರ ಮೇಲೆ ಮುತ್ತಿ ಕಾಪಾಡಿದವಂತೆ.

ನಿವೃತ್ತ ಮೇಷ್ಟ್ರು: ಮುಖ್ಯವಾದದ್ದೇ ಮರೆತೆ. ಆ ಅಮ್ಹಾರಾ ಸೀಮೆಯಲ್ಲಿ 2023ರಿಂದ ಗಲಾಟೆ ಇದೆ. ರಸ್ತೆ ದಾರಿ ಬೇಡ. ರಾಯಭಾರ ಕಚೇರಿಯ ಸೂಚನೆ ನೋಡಿಕೊಂಡೇ ವಿಮಾನದ ಟಿಕೆಟ್ ಮಾಡಿಸಿ.

ಕೇಳಿದವರು: ಸರಿ ಸರ್, ಮೊದಲು ಅಕ್ಕನ್ನ ವಿಚಾರಿಸ್ತೀನಿ. ಹೋಗೋದಾದ್ರೆ ಎರಡು ದಿನ. ಭಾವನಿಗೂ ಟಿಕೆಟ್ ಮಾಡಿಸ್ತೀನಿ.