ಹಾಡುತ್ತಿದ್ದವಳ ದನಿಯೇ ಹೋಯಿತು, ಈಗ ಪ್ರಾರ್ಥನೆ ಹೇಗೆ?

ದನಿಯಿಲ್ಲದವಳು:

ಎಲ್ಲರಿಗೂ ವಂದನೆ. ಉದ್ದ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ. ಈಗ ಬೆರಳುಗಳೇ ನನ್ನ ಬಾಯಿ.

ನನಗೆ 44. ನಮ್ಮ ಸಭೆಯಲ್ಲಿ 19 ವರ್ಷ ಆರಾಧನೆಯ ಹಾಡುಗಳನ್ನು ನಡೆಸಿದೆ. ಸಂಗೀತ ಕಲಿತವಳಲ್ಲ, ಆದರೆ ಶ್ರುತಿ ತಪ್ಪುತ್ತಿರಲಿಲ್ಲ. ಒಂದು ಮಾತು ನಿಜ ಹೇಳಿಬಿಡುತ್ತೇನೆ: ಒಬ್ಬಳೇ ಕೂತು ಕಣ್ಣು ಮುಚ್ಚಿ ಪ್ರಾರ್ಥಿಸುವುದು ನನಗೆ ಯಾವತ್ತೂ ಒಗ್ಗಲಿಲ್ಲ. ಎರಡು ನಿಮಿಷಕ್ಕೆ ಮನಸ್ಸು ಒಲೆಯ ಮೇಲಿಟ್ಟ ಪಾತ್ರೆಯ ಕಡೆ ಓಡುತ್ತಿತ್ತು. ಹಾಡಿದಾಗ ಮಾತ್ರ ದೇವರ ಮುಂದೆ ನಿಂತಿದ್ದೇನೆ ಅನ್ನಿಸುತ್ತಿತ್ತು. ಮಗನಿಗೆ ಜ್ವರ ಬಂದರೂ ಹಾಡು, ಅಪ್ಪ ತೀರಿಕೊಂಡಾಗಲೂ ಹಾಡು. ನನ್ನ ಭಕ್ತಿಯೆಲ್ಲ ಗಂಟಲಲ್ಲೇ ಇತ್ತು ಅಂತ ಈಗ ಗೊತ್ತಾಗುತ್ತಿದೆ.

7 ತಿಂಗಳ ಹಿಂದೆ ಥೈರಾಯ್ಡ್ ಗಂಟಿಗೆ ಆಪರೇಷನ್ ಆಯಿತು. ಕ್ಯಾನ್ಸರ್ ಅಲ್ಲ ಎಂದು ವರದಿ ಬಂತು, ಅದಕ್ಕೆ ಸ್ತೋತ್ರ. ಆದರೆ ಎಚ್ಚರವಾಗಿ "ನೀರು" ಎಂದು ಕೇಳಲು ಹೋದರೆ ಬರೀ ಗಾಳಿ ಬಂತು. ಥೈರಾಯ್ಡಿನ ಹಿಂದೆಯೇ ಹಾದುಹೋಗುವ ಒಂದು ನರ ಧ್ವನಿತಂತುಗಳನ್ನು ಆಡಿಸುತ್ತದಂತೆ. ಎಡಗಡೆಯ ಆ ನರಕ್ಕೆ ಪೆಟ್ಟಾಗಿದೆ. ಮೂಗಿನಿಂದ ಕ್ಯಾಮೆರಾ ಇಳಿಸಿ ಪರದೆಯಲ್ಲಿ ನನಗೂ ತೋರಿಸಿದರು. ಬಲಗಡೆಯ ತಂತು ಬಂದು ಬಂದು ಜೊತೆಗಾರನನ್ನು ಮುಟ್ಟಲು ನೋಡುತ್ತದೆ, ಎಡಗಡೆಯದು ಇದ್ದಲ್ಲೇ ಇದೆ. ಎರಡೂ ಕೂಡದಿದ್ದರೆ ದನಿ ಹುಟ್ಟುವುದಿಲ್ಲ. ನರ ತಾನಾಗಿ ಚೇತರಿಸಿಕೊಳ್ಳಬಹುದು, ಒಂದು ವರ್ಷ ನೋಡೋಣ ಎಂದಿದ್ದಾರೆ. ಅಲ್ಲಿಯ ತನಕ ನೀರು ಕುಡಿದರೆ ಕೆಮ್ಮು, ಫೋನ್ ಎತ್ತಿದರೆ ಆ ಕಡೆಯವರು "ಹಲೋ, ಹಲೋ" ಎಂದು ಇಟ್ಟುಬಿಡುತ್ತಾರೆ.

ಇದಿಷ್ಟನ್ನು ತಡೆದುಕೊಳ್ಳಬಹುದಿತ್ತು. ಮೂರನೆಯ ತಿಂಗಳಲ್ಲಿ ನನಗಾಗಿ 21 ದಿನ ಉಪವಾಸ ಪ್ರಾರ್ಥನೆ ಇಟ್ಟರು. ಕೊನೆಯ ದಿನ ಹೊರಗಿನಿಂದ ಬಂದ ಬೋಧಕರೊಬ್ಬರು ನನ್ನ ಗಂಟಲ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಮೈಕ್ ಬಾಯಿಗೆ ಹಿಡಿದು, "ಈಗ ಹಲ್ಲೆಲೂಯ ಅನ್ನಮ್ಮ" ಎಂದರು. ಅಂದೆ. ಸ್ಪೀಕರ್‌ನಲ್ಲಿ ಊದಿದ ಸದ್ದು ಕೇಳಿಸಿತು. ಇಡೀ ಸಭೆ ಸುಮ್ಮನಾಯಿತು. ಮತ್ತೆ ಹೇಳಿಸಿದರು. ಅದೇ ಗಾಳಿ. ಆಮೇಲೆ ಯಾರೋ ಕೀಬೋರ್ಡ್ ಶುರು ಮಾಡಿದರು, ನಾನು ಇಳಿದು ಬಂದು ಕೂತೆ.

ಮುಂದಿನ ವಾರ ಹಿರಿಯರೊಬ್ಬರು, ನನಗೆ ತಾಯಿಯ ಹಾಗೆ ಇದ್ದವರು, ಮೆಲ್ಲಗೆ ಹೇಳಿದರು: "ಮುಪ್ಪಿನಲ್ಲಿ ಮಗ ಹುಟ್ಟುತ್ತಾನೆ ಎಂದ ದೇವದೂತನ ಮಾತನ್ನು ಯಾಜಕ ಜಕರೀಯ ನಂಬಲಿಲ್ಲ, ಅದಕ್ಕೇ ಮೂಕನಾದ. ನಿನ್ನೊಳಗೆ ಏನಾದರೂ ಅಪನಂಬಿಕೆ ಇದೆಯಾ ನೋಡಿಕೋ." ನೋಡಿಕೊಂಡೆ. ನಾಲ್ಕು ತಿಂಗಳಿಂದ ಅದನ್ನೇ ನೋಡಿಕೊಳ್ಳುತ್ತಿದ್ದೇನೆ. ಹುಡುಕಿದಷ್ಟೂ ಸಿಗುತ್ತದೆ. ಗಾಯವನ್ನು ದಿನಾ ಬಿಚ್ಚಿ ನೋಡಿದರೆ ಅದು ಯಾವಾಗ ಮಾಯಬೇಕು?

ಈಗ ಸಭೆಗೆ ಹೋಗುವುದನ್ನು ಬಿಟ್ಟಿದ್ದೇನೆ. ನನ್ನ ಪ್ರಶ್ನೆ ಎರಡು. ನಾನು ಕೊಟ್ಟಿದ್ದ ಒಂದೇ ಒಂದನ್ನು ಕಿತ್ತುಕೊಂಡವನನ್ನು ನಂಬುವುದು ಹೇಗೆ? ಹಾಡಲು ಆಗದವಳು ಪ್ರಾರ್ಥಿಸುವುದು ಹೇಗೆ?

ಕೃಪೆಯಿಂದ ಬದುಕಿದವ:

ಪ್ರೈಸ್ ದ ಲಾರ್ಡ್ ಸಿಸ್ಟರ್! ಎದೆಗುಂದಬೇಡಿ. ಯೆರೆಮೀಯ 29:11 ಓದಿ, ದೇವರು ನಿಮಗಾಗಿ ಯೋಚಿಸಿರುವುದು ಹಿತವನ್ನೇ ಹೊರತು ಕೇಡನ್ನಲ್ಲ. ಮಕ್ಕಳು, ಆಸ್ತಿ ಎಲ್ಲ ಹೋದ ಯೋಬನಿಗೆ ಕಳೆದುಕೊಂಡದ್ದನ್ನೆಲ್ಲ ಕರ್ತನು ಎರಡರಷ್ಟು ಕೊಟ್ಟನು. ನಿಮ್ಮ ದನಿಯನ್ನೂ ಎರಡರಷ್ಟು ಕೊಡುತ್ತಾನೆ ಎಂದು ಬಾಯಿಬಿಟ್ಟು ಅರಿಕೆಮಾಡುತ್ತಾ ಇರಿ. ಇದೊಂದು ಪರೀಕ್ಷೆ ಅಷ್ಟೇ. ಆಮೆನ್.

ಬಿಲ್ದದನಲ್ಲ:

ಮೇಲಿನ ಸಹೋದರರೇ, ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದೀರಿ. ಆದರೆ ದನಿ ಹೋದವರಿಗೆ "ಬಾಯಿಬಿಟ್ಟು ಅರಿಕೆಮಾಡಿ" ಅಂದಿದ್ದೀರಲ್ಲ!

ಯೆರೆಮೀಯ 29 ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಬರೆದ ಪತ್ರ. 11ನೇ ವಚನವನ್ನು ಎಲ್ಲರೂ ಗೋಡೆಗೆ ಹಾಕಿಕೊಳ್ಳುತ್ತೇವೆ, 10ನೇದನ್ನು ಯಾರೂ ಹಾಕಿಕೊಳ್ಳುವುದಿಲ್ಲ. ಅಲ್ಲಿ 70 ವರ್ಷ ಎಂದಿದೆ. ಪತ್ರ ಓದಿಸಿ ಕೇಳಿದ ಬಹಳ ಮಂದಿ ಬಾಬೆಲಿನಲ್ಲೇ ಮಣ್ಣಾದರು. ಬೇಗ ವಾಪಸ್ ಹೋಗುತ್ತೀರಿ ಎನ್ನುವ ಪ್ರವಾದಿಗಳನ್ನು ನಂಬಬೇಡಿ, ಮನೆ ಕಟ್ಟಿಕೊಳ್ಳಿ, ತೋಟ ಹಾಕಿಕೊಳ್ಳಿ ಅನ್ನುತ್ತದೆ ಆ ಪತ್ರ. ವಾಗ್ದಾನ ಸುಳ್ಳು ಅನ್ನುತ್ತಿಲ್ಲ. ಅದರ ಗಡಿಯಾರ ನಮ್ಮದಲ್ಲ, ಅಷ್ಟೆ.

ತಂಗೀ, ಈಗ ಜಕರೀಯನ ವಿಷಯ. 30 ವರ್ಷ ಭಾನುವಾರದ ಶಾಲೆಯಲ್ಲಿ ಪಾಠ ಹೇಳಿದ್ದೇನೆ, ಲೂಕನ ಮೊದಲನೆಯ ಅಧ್ಯಾಯ ಬಾಯಿಪಾಠ. ನಿಮಗೆ ಹೇಳಿದವರು 20ನೇ ವಚನಕ್ಕೆ ಪುಸ್ತಕ ಮುಚ್ಚಿಬಿಟ್ಟಿದ್ದಾರೆ. ಹಿಂದಕ್ಕೆ ಹೋಗಿ 6ನೇ ವಚನ ಓದಿ: ಆತನೂ ಹೆಂಡತಿ ಎಲಿಸಬೇತಳೂ ದೇವರ ದೃಷ್ಟಿಯಲ್ಲಿ ನೀತಿವಂತರು. ಮುಂದಕ್ಕೆ ಹೋಗಿ 23 ಓದಿ. ದನಿ ಹೋದ ಕೂಡಲೇ ಆತ ಮನೆಗೆ ಓಡಲಿಲ್ಲ. ತನ್ನ ಸರದಿಯ ದಿನಗಳು ತೀರುವ ತನಕ ದೇವಾಲಯದಲ್ಲೇ ಇದ್ದ. ದೇವರೂ ಹೊರಗೆ ಹಾಕಲಿಲ್ಲ. ಮೂಕ ಯಾಜಕನ ಸೇವೆ ದೇವರಿಗೆ ನಡೆಯಿತು. ಇಷ್ಟು ವರ್ಷ ಆ ವಚನದ ಮೇಲೆ ನಾನೂ ಕಣ್ಣು ಹಾಯಿಸಿ ಹೋಗುತ್ತಿದ್ದೆ. ಹೆಂಡತಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತ ಮೇಲೆ ಅದು ಕಣ್ಣಿಗೆ ಬಿತ್ತು.

ಅಂದಹಾಗೆ, ಜಕರೀಯನಿಗೆ ಯಾಕೆ ಹಾಗಾಯಿತು ಎಂದು ದೇವದೂತನೇ ಬಂದು ಕಾರಣ ಹೇಳಿದ. ನಿಮಗೆ ಕಾರಣ ಹೇಳಿದ್ದು ಡಾಕ್ಟರು, ನರಕ್ಕೆ ಪೆಟ್ಟಾಗಿದೆ ಎಂದು. ದೇವದೂತ ಬಾರದ ಕಡೆ ಬೇರೆಯವರು ಆ ಕೆಲಸ ವಹಿಸಿಕೊಳ್ಳಬಾರದು. ಹುಟ್ಟುಕುರುಡನನ್ನು ಕಂಡು ಪಾಪ ಯಾರದು ಎಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಆ ಲೆಕ್ಕವನ್ನೇ ಒಪ್ಪಲಿಲ್ಲ. ಸಿಲೋವದಲ್ಲಿ ಗೋಪುರ ಬಿದ್ದು ಸತ್ತ 18 ಮಂದಿಯ ವಿಷಯದಲ್ಲೂ ಒಪ್ಪಲಿಲ್ಲ.

ನಿಮ್ಮ ಎರಡನೆಯ ಪ್ರಶ್ನೆಗೆ, ಮಕ್ಕಳಿಲ್ಲದೆ ಮಗನಿಗಾಗಿ ಬೇಡಿಕೊಂಡ ಹನ್ನಳನ್ನು ನೋಡಿ, 1 ಸಮುವೇಲ 1:13. ತುಟಿ ಅಲುಗುತ್ತಿತ್ತು, ದನಿ ಕೇಳಿಸುತ್ತಿರಲಿಲ್ಲ. ಯಾಜಕ ಏಲಿ ಕುಡಿದಿದ್ದಾಳೆ ಅಂದುಕೊಂಡ. ದೇವರಿಗೆ ಕೇಳಿಸಿದ್ದು ಎದುರಿಗೇ ಕೂತಿದ್ದ ಯಾಜಕನಿಗೆ ಕೇಳಿಸಲಿಲ್ಲ. ಸಭೆಯ ಹಿರಿಯರು ತಪ್ಪು ತಿಳಿಯುವುದು ಅವತ್ತಿನಿಂದಲೂ ಇದ್ದದ್ದೇ.

ರಾತ್ರಿಪಾಳಿ:

ನಾನು ಸ್ಪೀಚ್ ಥೆರಪಿಸ್ಟ್, ಇಂಥವರನ್ನು ವಾರ ವಾರ ನೋಡುತ್ತೇನೆ. ವಚನ ಹೇಳುವಷ್ಟು ಓದಿಕೊಂಡಿಲ್ಲ, ನನ್ನ ಕೆಲಸದ ಮಾತು ಹೇಳುತ್ತೇನೆ.

ಅಕ್ಕ, ಪಿಸುಗುಟ್ಟಿ ಮಾತಾಡುತ್ತಿದ್ದರೆ ನಿಲ್ಲಿಸಿ. ಪಿಸುಮಾತಿನಿಂದ ಗಂಟಲಿಗೆ ವಿಶ್ರಾಂತಿ ಅಂದುಕೊಳ್ಳುತ್ತಾರೆ, ಆದರೆ ಬಿಗಿಹಿಡಿದು ಪಿಸುಗುಟ್ಟಿದರೆ ಗಂಟಲು ಇನ್ನೂ ದಣಿಯುತ್ತದೆ. ನೀರನ್ನು ಗಲ್ಲ ಎದೆಯ ಕಡೆ ತಗ್ಗಿಸಿ ಸಣ್ಣ ಸಣ್ಣ ಗುಟುಕಾಗಿ ಕುಡಿದು ನೋಡಿ, ಹಲವರಿಗೆ ಕೆಮ್ಮು ಕಡಿಮೆಯಾಗುತ್ತದೆ. ವರ್ಷ ಕಾಯುವುದು ನರ ಎಷ್ಟು ಚೇತರಿಸುತ್ತದೆ ನೋಡಲು, ಅದು ಸರಿಯೇ. ಆದರೆ ಆ ವರ್ಷ ಸುಮ್ಮನೆ ಕೂರಬೇಕಿಲ್ಲ. ಥೆರಪಿ ಈಗಲೇ ಶುರು ಮಾಡಬಹುದು. ನಿಂತ ತಂತುವನ್ನು ಮಧ್ಯಕ್ಕೆ ತಳ್ಳುವ ತಾತ್ಕಾಲಿಕ ಇಂಜೆಕ್ಷನ್ ಕೂಡ ಇದೆ, ನಿಮಗೆ ಆಗುತ್ತದಾ ಎಂದು ಇಎನ್‌ಟಿ ಡಾಕ್ಟರನ್ನು ಕೇಳಿ. ನರ ಚೇತರಿಸದೇ ಇದ್ದರೆ ಶಾಶ್ವತವಾಗಿ ಇಂಪ್ಲಾಂಟ್ ಇಡುವ ಆಪರೇಷನ್ ಇದೆ.

ಸುಳ್ಳು ಭರವಸೆ ಕೊಡಲಾರೆ. ಮಾತು ಬಹಳ ಮಟ್ಟಿಗೆ ಸುಧಾರಿಸಬಹುದು. ಮೇಲಿನ ಸ್ವರಗಳು ಮೊದಲಿನ ಹಾಗೆ ಬರುತ್ತವೆ ಎಂದು ಯಾರಾದರೂ ಖಾತ್ರಿ ಕೊಟ್ಟರೆ ನಂಬಬೇಡಿ.

ಇನ್ನೊಂದು. ಎಲ್ಲರ ಮುಂದೆ ಮೈಕ್ ಹಿಡಿದು ಹೇಳಿಸಿದರಲ್ಲ, ಓದಿ ಸಿಟ್ಟು ಬಂತು.

ದನಿಯಿಲ್ಲದವಳು:

ರಾತ್ರಿಪಾಳಿ, 7 ತಿಂಗಳಿಂದ ಪಿಸುಗುಟ್ಟುತ್ತಲೇ ಇದ್ದೇನೆ! ಯಾರೂ ಹೇಳಲಿಲ್ಲ. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಅಣ್ಣ, 23ನೇ ವಚನವನ್ನು ನಾಲ್ಕು ಸಲ ಓದಿದೆ. ಆತ ಸರದಿ ಮುಗಿಯುವ ತನಕ ಅಲ್ಲಿ ಏನು ಮಾಡಿರಬಹುದು? ಧೂಪ ಹಾಕಲು, ದೀಪ ನೋಡಿಕೊಳ್ಳಲು ದನಿ ಬೇಡ. ಹೊರಗೆ ಕಾದಿದ್ದ ಜನಕ್ಕೆ ಬರೀ ಕೈಸನ್ನೆ ಮಾಡುತ್ತಿದ್ದನಂತೆ. ನನಗೆ ಅವನ ಆ ಕೈ ಕಣ್ಣಿಗೆ ಕಟ್ಟುತ್ತಿದೆ.

ಆದರೆ ಮೊದಲನೆಯ ಪ್ರಶ್ನೆ ಹಾಗೇ ಉಳಿಯಿತು. ಜಕರೀಯನಿಗೂ ಹನ್ನಳಿಗೂ ಕೊನೆಗೆ ಮಗ ಹುಟ್ಟಿದ. ಕತೆ ಸುಖವಾಗಿ ಮುಗಿದವರ ನಂಬಿಕೆ ಬೇರೆ. ನನ್ನದು ಹಾಗೆ ಮುಗಿಯದಿದ್ದರೆ?

ನಾಲ್ಕನೆಯವ:

ಅಕ್ಕ, ನಾನು ಸಾಮಾನ್ಯವಾಗಿ ಓದಿ ಹೋಗುವವನು, ಬರೆಯುವವನಲ್ಲ. ನಿಮ್ಮ ಕೊನೆಯ ಸಾಲಿಗಾಗಿ ಬರೆಯುತ್ತಿದ್ದೇನೆ.

ನಮ್ಮ ಮಗಳು ಆರನೆಯ ವರ್ಷದಲ್ಲಿ ಹೋದಳು. ನಮಗೂ ಯೋಬನ "ಎರಡರಷ್ಟು" ತುಂಬ ಜನ ಹೇಳಿದರು. ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. 7,000 ಕುರಿ ಇದ್ದದ್ದು 14,000 ಆದವು. 3,000 ಒಂಟೆ 6,000 ಆದವು. ಮಕ್ಕಳು? ಮೊದಲು ಹತ್ತು, ಆಮೇಲೂ ಹತ್ತೇ. ಕುರಿಗೆ ಕುರಿ ಸರಿಹೋಗುತ್ತದೆ, ಮಗುವಿಗೆ ಮಗು ಸರಿಹೋಗುವುದಿಲ್ಲ ಎಂದು ಆ ಪುಸ್ತಕ ಬರೆದವರಿಗೆ ಗೊತ್ತಿತ್ತು ಅಂತ ನನಗನ್ನಿಸಿತು. ಅಲ್ಲಿಂದ ಯೋಬನ ಪುಸ್ತಕದ ಮೇಲಿದ್ದ ಕೋಪ ಹೋಯಿತು.

ನನ್ನ ನಂಬಿಕೆ ಬೆಳೆಯಿತಾ ಎಂದು ಕೇಳಿದರೆ ಬೆಳೆಯಲಿಲ್ಲ, ಸಣ್ಣದಾಯಿತು. ಮೊದಲು ದೇವರ ಬಗ್ಗೆ ನೂರು ವಿಷಯ ಖಚಿತವಾಗಿ ಗೊತ್ತಿತ್ತು. ಈಗ ಎರಡೋ ಮೂರೋ. ಗೆಳೆಯ ಲಾಜರನ ಗೋರಿಯ ಹತ್ತಿರ ಸ್ವಾಮಿ ಅತ್ತ. ಶಿಲುಬೆಯ ಮೇಲೆ "ಯಾಕೆ ಕೈಬಿಟ್ಟೆ" ಎಂದು ಕೂಗಿದ, ಆಗ ಮೇಲಿನಿಂದ ಉತ್ತರ ಬರಲಿಲ್ಲ. ಅಷ್ಟನ್ನು ಹಿಡಿದುಕೊಂಡಿದ್ದೇನೆ. 88ನೇ ಕೀರ್ತನೆ ಓದಿದ್ದೀರಾ? ಕತ್ತಲೆ ಅನ್ನುವಲ್ಲಿಗೇ ನಿಂತುಬಿಡುತ್ತದೆ, "ಆದರೂ ಸ್ತುತಿಸುವೆನು" ಎಂಬ ಸಾಲು ಅದಕ್ಕಿಲ್ಲ. ಯಾರೋ ಅದನ್ನೂ ಹಾಡಿನ ಪುಸ್ತಕದಲ್ಲೇ ಸೇರಿಸಿದರು ನೋಡಿ.

ಮತ್ತೆ ನನ್ನ ಹೆಸರು. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು ಮಾಳಿಗೆ ಬಿಚ್ಚಿ ಇಳಿಸಿದರಲ್ಲ, ಯೇಸು "ಅವರ ನಂಬಿಕೆಯನ್ನು ನೋಡಿ" ಎಂದಿದೆ ಮಾರ್ಕ 2:5ರಲ್ಲಿ. ಮಗಳು ಹೋದ ವರ್ಷ ನಾನು ಆ ಹಾಸಿಗೆಯ ಮೇಲಿದ್ದೆ, ನಂಬುವ ಕೆಲಸ ಬೇರೆಯವರು ಮಾಡಿದರು. ನೀವು 19 ವರ್ಷ ಇಡೀ ಸಭೆಯ ಪರವಾಗಿ ಹಾಡಿದಿರಿ. ದುಃಖದಲ್ಲಿ ಬಾಯಿ ತೆರೆಯಲಾಗದೆ ಹಿಂದೆ ಕೂತವರು ಆಗಲೂ ಇದ್ದರು, ಅವರ ಪಾಲಿನದನ್ನು ನೀವು ಹಾಡಿದ್ದೀರಿ. ಈಗ ಅವರು ಹಾಡಲಿ ಬಿಡಿ.

ದನಿಯಿಲ್ಲದವಳು:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಇಲ್ಲಿ ಉತ್ತರ ಕೊಟ್ಟವರಿಗೆ ಸುದ್ದಿ ಹೇಳದೆ ಹೋದರೆ ಸರಿಯಲ್ಲ.

ಹೋದ ಭಾನುವಾರ ಸಭೆಗೆ ಹೋಗಿದ್ದೆ. ಜಕರೀಯನ ಮಾತು ಹೇಳಿದ ಹಿರಿಯರ ಪಕ್ಕದಲ್ಲೇ ಹೋಗಿ ಕೂತು, ನೋಟುಬುಕ್ಕಿನಲ್ಲಿ "ಲೂಕ 1:23" ಎಂದು ಬರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಬೈಬಲ್ ತೆಗೆದು ಓದಿದರು. "ಇದು ನನಗೆ ಗೊತ್ತಿತ್ತಲ್ಲ" ಎಂದರು. ಇರಲಿ. ಆಮೇಲೆ ಆರಾಧನೆ ಮುಗಿಯುವ ತನಕ ನನ್ನ ಕೈ ಹಿಡಿದುಕೊಂಡೇ ಕೂತಿದ್ದರು.

ಈಗ ಹಾಡು ನಡೆಸುವುದು 20 ವರ್ಷದ ಹುಡುಗಿ. ಒಳ್ಳೆಯ ಕಂಠ, ಆದರೆ ಎಲ್ಲವನ್ನೂ ತನ್ನ ಶ್ರುತಿಗೆ ಎತ್ತುತ್ತಾಳೆ. ಮೊದಲ ಹಾಡಿಗೇ ಗಂಡಸರೆಲ್ಲ ಬಾಯಿ ಮುಚ್ಚಿದರು. ಅವಳು ನನ್ನ ಕಡೆ ನೋಡಿದಾಗ ಕೈ ಕೆಳಗೆ ಮಾಡಿ ಎರಡು ಬೆರಳು ತೋರಿಸಿದೆ, ಎರಡು ಮನೆ ಇಳಿಸು ಅಂತ. ಕೀಬೋರ್ಡಿನವನಿಗೆ ಹೇಳಿ ಇಳಿಸಿದಳು. ಎರಡನೆಯ ಚರಣಕ್ಕೆ ಹಿಂದಿನ ಸಾಲುಗಳಿಂದ ದನಿಗಳು ಏಳತೊಡಗಿದವು. 19 ವರ್ಷ ಮುಂದೆ ನಿಂತಿದ್ದೆ, ಪಕ್ಕದಲ್ಲಿ ಮೈಕ್ ಮತ್ತು ಸ್ಪೀಕರ್. ಸಭೆ ಹಾಡಿದರೆ ನಡುವೆ ಕೂತವರಿಗೆ ಹೇಗೆ ಕೇಳಿಸುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಒಬ್ಬರು ಅರ್ಧ ತಾಳ ಮುಂದೆ ಓಡುತ್ತಾರೆ, ಒಬ್ಬರು ಎಲ್ಲ ಹಾಡಿಗೂ ಒಂದೇ ರಾಗ. ಸಿಕ್ಕಾಪಟ್ಟೆ ಅತ್ತೆ. ತುಟಿ ಆಡಿಸುತ್ತಲೇ ಇದ್ದೆ.

ಮುಗಿದ ಮೇಲೆ ಆ ಹುಡುಗಿ ಬಂದು, "ಆಂಟಿ, ಮುಂದಿನ ವಾರ ಮೊದಲ ಸಾಲಿನಲ್ಲೇ ಕೂತುಕೊಳ್ಳಿ, ನಿಮ್ಮ ಕೈ ಕಾಣಬೇಕು" ಎಂದಳು.

ನಾಲ್ಕನೆಯವರೇ, ದೇವರ ಮೇಲೆ ಸಿಟ್ಟು ಹೋಗಿಲ್ಲ. ಮೊದಲು ಸಿಟ್ಟಾಗಿ ಮುಖ ತಿರುಗಿಸಿಕೊಂಡಿದ್ದೆ, ಈಗ ಅವನಿಗೇ ಹೇಳುತ್ತಿದ್ದೇನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ 88ನೇ ಕೀರ್ತನೆಯನ್ನು ತುಟಿಯಲ್ಲೇ ಓದುತ್ತೇನೆ. ಮನಸ್ಸು ಈಗಲೂ ಪಾತ್ರೆಯ ಕಡೆ ಓಡುತ್ತದೆ.

ಇಂಜೆಕ್ಷನ್ ಬಗ್ಗೆ ಕೇಳಿದೆ, ನೋಡೋಣ ಎಂದಿದ್ದಾರೆ. ಮುಂದಿನ ತಿಂಗಳು ಮತ್ತೆ ಕ್ಯಾಮೆರಾ ಪರೀಕ್ಷೆ ಇದೆ. ನನಗಾಗಿ ಪ್ರಾರ್ಥಿಸಿ. ಆದರೆ ದಯವಿಟ್ಟು ಯಾರೂ ಬಂದು ಹಲ್ಲೆಲೂಯ ಹೇಳಿಸಬೇಡಿ.